ಹಿಡೀತೇನ್ರಿ ಅಂತ ಕೇಳಿದ ತಪ್ಪಿಗೆ

ಹೊಸಪೇಟೆಯ ಒಂದು ಜಿಮ್ಮಿನಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವ ಕೆಲಸವನ್ನು ಇಪ್ಪತ್ತೇಳು ವರ್ಷ ಮಾಡಿದೆ. ಅಷ್ಟೂ ವರ್ಷ ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದ ಮಾತು ‘ಹಿಡೀತೇನ್ರಿ?’ ಎನ್ನುವುದು. ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರನ್ನೇ ತಡೆದು ಕೇಳುತ್ತಿದ್ದೆ. ನಿನ್ನೆ ಮಾಡಿಸಿದ್ದಕ್ಕೆ ತೊಡೆ ಹಿಡಿದುಕೊಂಡಿದೆಯಾ, ತೋಳು ಹಿಡಿದುಕೊಂಡಿದೆಯಾ, ಏಳಲು ಕೂರಲು ತ್ರಾಸಾಗುತ್ತಿದೆಯಾ ಎಂದು ಅದರ ಅರ್ಥ. ಹೌದು ಅಂದರೆ ನನಗೆ ಹಬ್ಬ. ಇಲ್ಲ ಅಂದರೆ ಅವತ್ತು ಅವರಿಗೆ ಗ್ರಹಚಾರ. ಈ ಒಂದು ಮಾತಿನಿಂದ ಒಬ್ಬ ಹೆಣ್ಣುಮಗಳ ಜೀವ ಹೋಗುವುದರಲ್ಲಿತ್ತು.

ಮೊಣಕಾಲು ಕೈಕೊಟ್ಟು ಹೋದ ವರ್ಷ ಕೆಲಸ ಬಿಟ್ಟೆ. (ಕಾಲು ಕೈಕೊಡುವುದು ನಮ್ಮ ಭಾಷೆಯಲ್ಲಿ ಮಾತ್ರ ಸಾಧ್ಯ. ಈ ಭಾಷೆಯ ಚೇಷ್ಟೆ ಮುಂದೆ ಇನ್ನೂ ಇದೆ.) ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಸರ್ಟಿಫಿಕೇಟು ತಗೊಂಡೇ ಬರುತ್ತಾರೆ. ಸ್ನಾಯುಗಳ ಹೆಸರನ್ನು ನಮ್ಮ ಓಣಿಯ ಮನೆಗಳ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಅವರಲ್ಲಿ ಇಬ್ಬರು ಮನೆಗೆ ಬಂದು, ‘ಮೇಡಂ, ನಿಮ್ಮ ಅನುಭವ ಬರೆದುಕೊಡಿ’ ಅಂದರು. ಅವರಿಗೆ ಬೇಕಾಗಿದ್ದದ್ದು ಗೆದ್ದ ಕಥೆ. ನನ್ನ ಹತ್ತಿರ ಇರುವುದು ಬೆಚ್ಚಿಬಿದ್ದ ಕಥೆಗಳು. ಬೇಕಾದರೆ ಓದಲಿ.

ನನ್ನ ತವರು ಕಂಪ್ಲಿ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ, ಚೆನ್ನಾಗಿಯೇ ಆಡುತ್ತಿದ್ದೆ. ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆ ಖಾದರ್ ಉಸ್ತಾದರ ಜಿಮ್ಮಿನಲ್ಲಿ ಹೆಂಗಸರ ಬ್ಯಾಚಿಗೆ ಒಬ್ಬಳು ಬೇಕಂತೆ ಎಂದು ಕೇಳಿ ಹೋದೆ. ಉಸ್ತಾದರು ಹಳೆಯ ಪೈಲ್ವಾನರು. ಕಿವಿ ಎರಡೂ ಮುದುಡಿದ ಹಪ್ಪಳದಂತೆ ಇದ್ದವು. ಅವರು ನನಗೆ ಮಾಡಿದ ಇಂಟರ್ವ್ಯೂ ಇಷ್ಟೇ.

‘ಎಷ್ಟು ಬೈಠಕ್ ಹೊಡೀತಿ ಬೇಟಿ?’

‘ಇನ್ನೂರು ಹೊಡೀತೀನ್ರಿ.’

‘ಮರುದಿನ ಹಿಡೀತೈತೇನು?’

‘ಹಿಡೀತೈತ್ರಿ.’

‘ಬಸ್. ನಾಳಿಂದ ಬಾ.’

ಅವರ ಜಿಮ್ಮಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಮೊಳಕ್ಕೊಂದು ಅಕ್ಷರದಂತೆ ಬರೆಸಿದ್ದರು: ‘ಮೈ ಹಿಡಿಯದಿದ್ದರೆ ಮೈ ದುಡಿದಿಲ್ಲ’. ಅದೇ ನಮ್ಮ ಶಾಸ್ತ್ರ, ಅದೇ ನಮ್ಮ ಪಠ್ಯ. ಉಸ್ತಾದರು ಕೆಟ್ಟವರಲ್ಲ, ಒಬ್ಬರ ಮೇಲೂ ದನಿ ಏರಿಸಿದವರಲ್ಲ. ಅವರ ಗುರು ಅವರಿಗೆ ಹೇಳಿದ್ದನ್ನು ನನಗೆ ಹೇಳಿದರು. ನಾನೂ ಪ್ರಶ್ನೆ ಕೇಳುವ ಪೈಕಿ ಆಗಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಎಮ್ಮಿಗನೂರಿನ ರೈಸ್‌ಮಿಲ್ಲಿನವರ ಮಗಳೊಬ್ಬಳು ಬಂದಳು. ಮದುವೆಗೆ ಮೂರೇ ದಿನ ಇದೆ, ಹೊಸಪೇಟೆಯಲ್ಲೇ ಕಲ್ಯಾಣ ಮಂಟಪ, ಅಷ್ಟರೊಳಗೆ ಸ್ವಲ್ಪ ಸಣ್ಣ ಕಾಣಬೇಕು ಅಂದಳು. ಮೂರು ದಿನಕ್ಕೆ ಯಾರೂ ಸಣ್ಣಗಾಗುವುದಿಲ್ಲವಮ್ಮ ಎಂದು ಹೇಳಿ ಕಳಿಸಬೇಕಿತ್ತು. ನಾನು ಹಾಗೆ ಹೇಳುವ ಪೈಕಿಯೇ? ಒಂದೇ ದಿನ ನೂರೈವತ್ತು ಬೈಠಕ್, ಅಂದರೆ ಕುಕ್ಕರಗಾಲಿಗೆ ಕೂತು ಏಳುವುದು, ಹೊಡೆಸಿದೆ. ಜೀವಮಾನದಲ್ಲಿ ಮನೆಯ ಮೆಟ್ಟಿಲು ಬಿಟ್ಟು ಬೇರೇನೂ ಹತ್ತದ ಹುಡುಗಿ.

ವ್ಯಾಯಾಮದ ಹಿಡಿತ ಮಾಡಿದ ದಿನವಲ್ಲ, ಎರಡನೆಯ ದಿನಕ್ಕೆ ಜೋರಾಗುತ್ತದೆ. ಅವಳಿಗೆ ಸರಿಯಾಗಿ ಅರಿಶಿಣದ ದಿನ ಬಂತು. ನನ್ನನ್ನೂ ಕರೆದಿದ್ದರು, ಹೋಗಿ ಕೂತಿದ್ದೆ. ಮದುಮಗಳು ಮಣೆಯ ಮುಂದೆ ನಿಂತವಳು ಕೂರಲೊಲ್ಲಳು. ‘ಕುಂದ್ರವ್ವಾ, ಯಾಳೆ ಆಗಾಕತ್ತೈತಿ’ ಎಂದು ಅಜ್ಜಿ ಅವಸರ ಮಾಡುತ್ತಾರೆ. ಅರ್ಧ ಬಾಗುತ್ತಾಳೆ, ‘ಅವ್ವಾ’ ಎಂದು ಕಿರುಚಿ ಮತ್ತೆ ನೆಟ್ಟಗಾಗುತ್ತಾಳೆ. ಕೊನೆಗೆ ಇಬ್ಬರು ಅತ್ತೆಯರು ಎರಡು ರಟ್ಟೆ ಹಿಡಿದು, ಬಾವಿಗೆ ಕೊಡ ಇಳಿಸಿದ ಹಾಗೆ ಇಳಿಸಿದರು. ನಾನು ಕಂಬದ ಮರೆಗೆ ಸರಿದೆ. ಅಷ್ಟರಲ್ಲಿ ಹುಡುಗಿಯ ಚಿಕ್ಕಮ್ಮ ನನ್ನ ಕಡೆಗೇ ಬಂದರು. ಕಪಾಳಕ್ಕೆ ಬಿತ್ತು ಅಂದುಕೊಂಡೆ.

‘ಯಾವ ಜಿಮ್ ರೀ ನಿಮ್ದು?’ ಅಂದರು. ‘ಒಂದ ದಿನಕ್ಕ ಇಷ್ಟು ಹಿಡಿಸೀರಂದ್ರ ಭಾಳ ಚಲೋ ಹೇಳಿಕೊಡ್ತೀರಿ ಬಿಡ್ರಿ. ನಮ್ಮ ಹುಡುಗೀನೂ ಸೇರಸ್ತೀನಿ.’

ಆ ವಾರ ಐದು ಜನ ಹೊಸದಾಗಿ ಸೇರಿದರು. ತಪ್ಪು ಮಾಡಿದವಳಿಗೆ ಹಾರ ಹಾಕಿದರೆ ಬುದ್ಧಿ ಎಲ್ಲಿಂದ ಬರಬೇಕು? ನಾನು ಇನ್ನೂ ಜೋರಾಗಿ ‘ಹಿಡೀತೇನ್ರಿ?’ ಎಂದು ಕೇಳತೊಡಗಿದೆ.

ಗಣಿ ಜೋರಾಗಿದ್ದ ಕಾಲದಲ್ಲಿ ಸಂಡೂರಿನ ಒಂದು ಕಾಲನಿಯ ಹೆಂಗಸರಿಗೆ ವಾರಕ್ಕೆ ಎರಡು ದಿನ ಹೋಗಿ ಹೇಳಿಕೊಡುತ್ತಿದ್ದೆ. ಅಲ್ಲಿ ಶಾಂತಾ ಸಿಕ್ಕಳು. ಚೋರನೂರಿನ ಕಡೆಯವಳು, ಫಿಸಿಯೋಥೆರಪಿ ಓದಿ ಬಂದಿದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಒಂದು ದಿನ ನನ್ನ ಕ್ಲಾಸಿನ ಹಿಂದೆ ಕೈಕಟ್ಟಿ ನಿಂತು ನೋಡಿದಳು. ಮುಗಿದ ಮೇಲೆ ಪಕ್ಕಕ್ಕೆ ಕರೆದಳು.

‘ಅಕ್ಕಾ, ಇವ್ರು ಹೋದ ತಿಂಗಳು ಎಷ್ಟು ಎತ್ತತಿದ್ರು? ಈ ತಿಂಗಳು ಎಷ್ಟು ಎತ್ತತಾರ?’

‘ಅದ್ಯಾರು ಬರ್ಕೊಂತಾರವಾ. ಎಲ್ಲರಿಗೂ ಮಸ್ತ್ ಹಿಡದೈತಿ.’

‘ಹಿಡಿಯೋದು ಅಳತಿ ಅಲ್ಲಕ್ಕಾ. ಹೊಸದೇನು ಮಾಡಿಸಿದ್ರೂ ಹಿಡೀತೈತಿ. ಗ್ವಾಡಿಗೆ ಸುಣ್ಣ ಹೊಡದ್ರೂ ಹಿಡೀತೈತಿ. ಮೈಗೆ ರೂಢಿ ಆದ್ಮ್ಯಾಲೆ ಹಿಡಿಯೋದು ಕಮ್ಮಿ ಆಗ್ತೈತಿ, ಶಕ್ತಿ ಮಾತ್ರ ಬೆಳೀತಿರ್ತೈತಿ. ನೀವು ಬೆಳೆದೋರಿಗೆ ಬೈದು, ನರಳೋರಿಗೆ ಶಭಾಷ್ ಅನ್ನಾಕತ್ತೀರಿ.’

ನನಗೆ ಸಿಟ್ಟು ನೆತ್ತಿಗೇರಿತು. ಎಮ್ಮಿಗನೂರಿನ ಮದುಮಗಳ ಕಥೆಯನ್ನು ಹೆಮ್ಮೆಯಿಂದ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು.

‘ಆಕೀ ಮೂತ್ರ ಕಪ್ಪಗೆ ಹೋಗಲಿಲ್ಲಲ್ಲಕ್ಕಾ?’ ಎಂದು ಕೇಳಿದಳು. ರೂಢಿಯಿಲ್ಲದ ಮೈಗೆ ಒಮ್ಮೆಲೇ ಅಷ್ಟು ಹೊರಿಸಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡವೇ ನಿಂತುಹೋಗಬಹುದು ಎಂದು ವಿವರಿಸಿದಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಆ ಹುಡುಗಿ ಬಾಣಂತನಕ್ಕೆ ಬಂದಾಗ ಗಟ್ಟಿಮುಟ್ಟಾಗಿ ಇದ್ದುದನ್ನು ಕಣ್ಣಾರೆ ಕಂಡಿದ್ದೆ. ಆದರೂ ಮುಂದಿನ ಸಲ ಸಂಡೂರಿಗೆ ಹೋದಾಗ ನಾನೇ ಶಾಂತಾಳನ್ನು ಹುಡುಕಿಕೊಂಡು ಹೋದೆ.

ಅವಳಿಂದ ನೋಟ್‌ಬುಕ್ ಇಡುವುದನ್ನು ಕಲಿತೆ. ಒಬ್ಬೊಬ್ಬರಿಗೆ ಒಂದು. ಯಾವ ದಿನ, ಯಾವ ವ್ಯಾಯಾಮ, ಎಷ್ಟು ತೂಕ, ಎಷ್ಟು ಸಲ. ಹಿಂದಿನ ವಾರಕ್ಕಿಂತ ಸ್ವಲ್ಪವೇ ಹೆಚ್ಚು, ಅದೂ ಹಿಂದಿನದು ಹಗುರಾದ ಮೇಲೆ. ಯಾವ ಕೆಲಸಕ್ಕೆ ಮೈ ಬೇಕೋ ಆ ಕೆಲಸಕ್ಕೆ ಹೋಲುವ ವ್ಯಾಯಾಮ. ಹೊಸಬರು ಬಂದರೆ ಮೊದಲ ದಿನ ಕೇಳಬೇಕಾದ ಪ್ರಶ್ನೆಗಳ ಇಂಗ್ಲಿಷ್ ಹಾಳೆಯೊಂದನ್ನೂ ಕೊಟ್ಟಳು. ಅದನ್ನು ನಾನೇ ಕನ್ನಡಕ್ಕೆ ಇಳಿಸಿ, ಶುದ್ಧ ಪುಸ್ತಕದ ಕನ್ನಡದಲ್ಲಿ ಜೆರಾಕ್ಸ್ ಮಾಡಿಸಿದೆ. ‘ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ನಿಮಗೆ ಎದೆನೋವು ಬರುತ್ತದೆಯೇ?’ ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ಕಲಿತವಳು ಒಂದನ್ನು ಮಾತ್ರ ಬಿಡಲಿಲ್ಲ. ನೋಟ್‌ಬುಕ್ಕಿನ ಕೊನೆಗೆ ನನ್ನದೇ ಒಂದು ಕಾಲಂ ಗೆರೆ ಎಳೆದೆ: ‘ಹಿಡಿತ’. ಯಾರಿಗೆ ಎಲ್ಲಿ ಹಿಡಿದಿದೆ ಎಂದು ಬರೆದು ಮುಂದೆ ಕೆಂಪು ಪೆನ್ನಿನಿಂದ, ಶಾಲೆಯಲ್ಲಿ ಶಭಾಷ್ ಎಂದು ಹಾಕುವ ಹಾಗೆ, ಒಂದು ಚುಕ್ಕಿ ಹಾಕುವುದು.

‘ಇದ್ಯಾಕಕ್ಕಾ ಮತ್ತ?’ ಎಂದು ಶಾಂತಾ ಕೇಳಿದಳು.

‘ಇರ್ಲಿ ಬಿಡವಾ, ಅವ್ರಿಗೂ ಖುಷಿ’ ಅಂದೆ. ಹಳೆಯ ಚಟ ಹೊಸ ಬಟ್ಟೆ ಹಾಕಿಕೊಂಡು ಒಳಗೇ ಉಳಿಯಿತು.

ಈಗ ವಿಮಲಾಬಾಯಿಯವರ ಮಾತು. ಕಮಲಾಪುರದ ಶಾಲೆಯಲ್ಲಿ ಹೆಡ್‌ಮೇಡಂ ಆಗಿ ನಿವೃತ್ತರಾದವರು. ಮನೆ ಹೊಸಪೇಟೆ, ಮಾಧ್ವರು, ತೆಳ್ಳಗೆ ಬೆಳ್ಳಗೆ, ಮಾತಿನಲ್ಲಿ ಸೀಮೆಸುಣ್ಣದ ಗತ್ತು. ನಾನು ಅವರನ್ನು ‘ಟೀಚರ್’ ಅನ್ನುತ್ತಿದ್ದೆ, ಅವರು ನನ್ನನ್ನು ‘ಮೇಡಂ’ ಅನ್ನುತ್ತಿದ್ದರು. ಜಿಮ್ಮಿಗೆ ಬರುವವರೆಲ್ಲ ಹೊಟ್ಟೆ ಕರಗಬೇಕು ಅನ್ನುತ್ತಾರೆ. ಇವರು ಬಂದು ಹೇಳಿದ್ದು ಬೇರೆ.

‘ನನಗ ಸಣ್ಣ ಆಗೋದು ಬ್ಯಾಡ್ರಿ. ನೂರೆಂಟು ಹೆಜ್ಜಿ ನಮಸ್ಕಾರ ಹಾಕಬೇಕಾಗೇದ.’

ಮಗಳು ಸುಧಾಳ ಹೆರಿಗೆ ಭಾರೀ ಕಷ್ಟದ್ದಾಗಿತ್ತಂತೆ. ತಾಯಿ ಮಗು ಇಬ್ಬರೂ ಉಳಿದರೆ ರಾಯರ ಮಠದಲ್ಲಿ ನೂರೆಂಟು ಹೆಜ್ಜೆ ನಮಸ್ಕಾರ ಎಂದು ಹರಕೆ ಹೊತ್ತಿದ್ದರು. ಇಬ್ಬರೂ ಉಳಿದರು. ಒಂದು ಹೆಜ್ಜೆ ಇಡಬೇಕು, ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಬೇಕು, ಏಳಬೇಕು, ಮತ್ತೆ ಹೆಜ್ಜೆ. ಮನೆಯಲ್ಲಿ ಪ್ರಯತ್ನ ಮಾಡಿದರೆ ಹನ್ನೆರಡಕ್ಕೆ ಸುಸ್ತಾಗುತ್ತಿತ್ತು.

ನನಗೆ ರೋಮಾಂಚನವಾಯಿತು. ನೂರೆಂಟು ಸಲ ನೆಲಕ್ಕೆ ಇಳಿದು ಏಳುವುದು! ಇದಕ್ಕಿಂತ ಸ್ಪಷ್ಟವಾದ ಗುರಿ ಯಾವ ಗಿರಾಕಿಯೂ ತಂದಿರಲಿಲ್ಲ. ಶಾಂತಾ ಹೇಳಿಕೊಟ್ಟಂತೆ ಕೂತು ಯೋಜನೆ ಬರೆದೆ. ಸೋಮವಾರ, ಗುರುವಾರ ಗೋಡೆಗೆ ಕೈಯೂರಿ ದಂಡ, ಸಣ್ಣ ಡಂಬಲ್ಸ್, ಎದೆ ಮತ್ತು ತೋಳಿಗೆ. ಅದರ ಮರುದಿನ, ಅಂದರೆ ಮಂಗಳವಾರ, ಶುಕ್ರವಾರ ವಿಶ್ರಾಂತಿ, ಬಂದು ಮೈ ಸಡಿಲಿಸಿ ಹೋಗುವುದಷ್ಟೇ. ಬುಧವಾರ, ಶನಿವಾರ ನಮ್ಮ ಜಿಮ್ಮಿನ ಮೆಟ್ಟಿಲು ಹತ್ತಿ ಇಳಿದು ಆಮೇಲೆ ನಮಸ್ಕಾರ. ವಾರಕ್ಕೆ ಎರಡೆರಡು ನಮಸ್ಕಾರ ಹೆಚ್ಚು.

ಮೊದಲ ದಿನ ಪ್ರಶ್ನೆಯ ಹಾಳೆ ಕೊಟ್ಟೆ. ಮೇಷ್ಟ್ರ ಅಕ್ಷರದಲ್ಲಿ ನೀಟಾಗಿ ತುಂಬಿದರು. ಎದೆನೋವು ಬರುತ್ತದೆಯೇ? ಇಲ್ಲ. ಸಹಿ ಹಾಕಿ ಕೊಟ್ಟರು. ಅರವತ್ತೊಂದು ವಯಸ್ಸಿಗೆ ಹೊಸದಾಗಿ ಶುರು ಮಾಡುವವರನ್ನು ಒಮ್ಮೆ ಡಾಕ್ಟರ ಹತ್ತಿರ ಕಳಿಸು ಎಂದು ಶಾಂತಾ ಹೇಳಿದ್ದಳು. ‘ಇಲ್ಲ’ ಎಂದು ಬರೆದಿದ್ದಾರಲ್ಲ, ಸಾಕು ಅಂದುಕೊಂಡೆ.

ಮೂರನೆಯ ವಾರದಿಂದ ಶುರುವಾಯಿತು. ‘ಎದಿ ಹಿಡದಂಗ ಆಗೇದ್ರಿ ಮೇಡಂ’ ಅನ್ನುತ್ತಿದ್ದರು.

‘ಹಿಡೀಬೇಕ್ರಿ ಟೀಚರ್! ಹಿಡಿದ್ರಲೇ ಕೆಲಸ ಆಗೈತಿ ಅಂತ ಲೆಕ್ಕ!’ ಎಂದು ಚಪ್ಪಾಳೆ ತಟ್ಟಿ, ‘ಎದೆ ಹಿಡಿದಿದೆ’ ಎಂದು ಬರೆದು ಚುಕ್ಕಿ ಹಾಕುತ್ತಿದ್ದೆ.

ಅವರು ನಗುತ್ತಿದ್ದರು. ‘ಮೂವತ್ತು ವರ್ಷ ಮಕ್ಕಳಿಗೆ ನಾ ಚುಕ್ಕಿ ಹಾಕಿದೆ. ಈಗ ನನಗ ಬೀಳ್ಲಿಕತ್ತಾವ ನೋಡ್ರಿ.’

ನಮಸ್ಕಾರ ಹನ್ನೆರಡರಿಂದ ಮೂವತ್ತಕ್ಕೆ ಬಂತು. ಉಸ್ತಾದರಿಗೆ ನೋಟ್‌ಬುಕ್ ತೋರಿಸಿ ಬೀಗಿದೆ. ಒಂದು ಬುಧವಾರ, ಬೆಳಗಿನ ಏಳೂವರೆಯಾಗಿರಬೇಕು. ಮೆಟ್ಟಿಲು ಮುಗಿಸಿ ನಮಸ್ಕಾರ ಶುರು ಮಾಡಿದ್ದರು. ಇಪ್ಪತ್ಮೂರನೆಯದಕ್ಕೆ ಹಣೆ ನೆಲಕ್ಕೆ ಹಚ್ಚಿದವರು ಏಳುವುದು ತಡವಾಯಿತು.

‘ಎದಿ ಹಿಡದದ’ ಅಂದರು.

‘ಭೇಷ್! ಇನ್ನ ಏಳು ಉಳದಾವ, ಟೀಚರ್, ಮೂವತ್ತು ಆಗಿಬಿಡ್ಲಿ!’

ಇನ್ನೂ ನಾಲ್ಕು ಹಾಕಿದರು. ನಾನು ಎಣಿಸುತ್ತಿದ್ದೆ, ಗಟ್ಟಿಯಾಗಿ. ಫ್ಯಾನಿನ ಕೆಳಗೇ ಇದ್ದರೂ ಮುಖದ ತುಂಬ ಬೆವರು. ಬೆವರು ಬಂತಲ್ಲ ಎಂದು ಅದಕ್ಕೂ ಖುಷಿಪಟ್ಟೆ. ಮೇಷಿನ್ನಿನ ಕಂಬ ಹಿಡಿದು ಎದ್ದು ನಿಂತು ನನ್ನನ್ನೇ ನೋಡಿದರು.

‘ಮೇಡಂ, ಇದು ನೀವು ಹೇಳೋ ಹಿಡಿಯೋದಲ್ಲ ಅನಸ್ತದ. ದವಡಿ ಸುದ್ದಾ ಹಿಡೀಲಿಕತ್ತದ.’

ದವಡೆಗೆ ನಾನು ಯಾವ ವ್ಯಾಯಾಮವನ್ನೂ ಮಾಡಿಸಿರಲಿಲ್ಲ. ಆಗ ಕಣ್ಣು ಬಿಟ್ಟು ಅವರ ಮುಖ ನೋಡಿದೆ. ಬೂದಿ ಬಣ್ಣಕ್ಕೆ ತಿರುಗಿತ್ತು. ಉಸ್ತಾದರು ಆ ವಯಸ್ಸಿನಲ್ಲಿ ಮೆಟ್ಟಿಲು ಹಾರಿ ಇಳಿದು ಆಟೋ ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಇಸಿಜಿ ಪಟ್ಟಿ ತೆಗೆದ ಕೂಡಲೇ ಹೃದಯದ್ದೇ ಎಂದರು. ಔಷಧಿ ಕೊಟ್ಟು, ಬಳ್ಳಾರಿಗೆ ಕಳಿಸಲು ಗಾಡಿ ಸಿದ್ಧ ಮಾಡುತ್ತಿದ್ದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು, ‘ಎಷ್ಟು ದಿನದಿಂದ ಎದೆನೋವು?’

‘ನೋವು ಅಂತೂ ಇಲ್ರಿ’ ಎಂದರು ವಿಮಲಾಬಾಯಿ, ಸ್ಟ್ರೆಚರಿನ ಮೇಲೆ ಮಲಗಿಕೊಂಡೇ. ‘ಹಿಡೀತದ ಅಷ್ಟ. ಮೇಡಂ ಬರಕೊಂಡಾರ.’

ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು. ಕೊಟ್ಟೆ. ಡಾಕ್ಟರಮ್ಮ ಹಾಳೆ ತಿರುವಿದರು. ಎದೆ ಹಿಡಿದಿದೆ, ಚುಕ್ಕಿ. ಎದೆ ಹಿಡಿದಿದೆ, ಚುಕ್ಕಿ. ಹನ್ನೊಂದು ಕಡೆ.

‘ಈ ಕೆಂಪು ಚುಕ್ಕಿ ಏನು?’

‘ಚೆನ್ನಾಗಿ ಮಾಡಿದ್ದಕ್ಕೆ…’ ಎಂದೆ. ಆಕೆ ಬೈಯಲಿಲ್ಲ. ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ವಾಪಸ್ ಇಟ್ಟು, ಗಾಡಿಯ ಕಡೆಗೆ ಓಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಬಳ್ಳಾರಿಯಲ್ಲಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಉಳಿಯಿತು ಎಂದು ಸುಧಾ ಫೋನಿನಲ್ಲಿ ಹೇಳಿದಾಗ ನಾನು ಜಿಮ್ಮಿನ ಚಾಪೆಯ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಆಮೇಲೆ ನೋಟ್‌ಬುಕ್ ತೆಗೆದು, ಮೊದಲ ಸಲ, ಬರೆಯುವುದಕ್ಕಲ್ಲ, ಓದುವುದಕ್ಕೆ ಕೂತೆ. ಹನ್ನೊಂದು ಚುಕ್ಕಿಗಳಲ್ಲಿ ನಾಲ್ಕು ಮಂಗಳವಾರ, ಶುಕ್ರವಾರದವು. ಅಂದರೆ ಎದೆ, ತೋಳಿನ ವ್ಯಾಯಾಮದ ಮರುದಿನ. ಅದು ಸಹಜ. ಉಳಿದ ಏಳೂ ಬುಧವಾರ, ಶನಿವಾರದವು. ಮೆಟ್ಟಿಲು ಹತ್ತಿದ ದಿನ, ಹತ್ತಿದ ಹೊತ್ತಿನಲ್ಲೇ. ಕಾಲಿನ ವ್ಯಾಯಾಮ ಮಾಡುತ್ತಿರುವಾಗ ಎದೆ ಯಾಕೆ ಹಿಡಿಯಬೇಕು? ನನ್ನ ಅಕ್ಷರದಲ್ಲೇ ಇತ್ತು, ತಾರೀಖಿನ ಸಮೇತ ಇತ್ತು. ಪುರಾವೆ ಇಟ್ಟುಕೊಂಡು ಕೆಲಸ ಮಾಡಬೇಕು ಎಂದು ಶಾಂತಾ ಕಲಿಸಿದ್ದಳು. ಪುರಾವೆ ಇಟ್ಟಿದ್ದೆ. ಅದರ ಮೇಲೆ ಚುಕ್ಕಿ ಹಾಕುತ್ತ ಕೂತಿದ್ದೆ.

ನೋವು ಎಂದು ಕೇಳಿದರೆ ಇಲ್ಲ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಹಲ್ಲು ನೋಯುತ್ತದೆ, ಹೆರಿಗೆಯಲ್ಲಿ ಹೊಟ್ಟೆ ನೋಯುತ್ತದೆ. ಎದೆ ಹಿಡಿಯುತ್ತದೆ. ಕಂಪ್ಲಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾಳೆಗೆ ಇಳಿಸುವಾಗ ಮಾತ್ರ ಪುಸ್ತಕದ ಕನ್ನಡ ಬೇಕಾಯಿತು, ಘನತೆಗೆ.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಬಾಗಿಲಲ್ಲೇ ಕಾಲು ಹಿಡಿಯಲು ಬಾಗಿದೆ. ‘ಏನ್ರೀ ಇದು, ಏಳ್ರಿ, ಒಳಗ ಬರ್ರಿ’ ಎಂದರು. ಕೂತು ಎಲ್ಲ ಹೇಳಿದೆ. ಮೆಟ್ಟಿಲಿನ ಏಳು ದಿನ, ಮರುದಿನದ ನಾಲ್ಕು ದಿನ. ಆಮೇಲೆ ಅವರು ಹೇಳಿದ ಮಾತಿಗೆ ನಾನು ಎರಡನೆಯ ಸಲ ದಂಗಾದೆ.

‘ಆ ನಾಕು ಸುಳ್ಳು’ ಎಂದರು.

‘ಏನಂದ್ರಿ?’

‘ಡಂಬಲ್ಸ್ ಮಾಡಿದ ಮರುದಿನ ನನಗೇನೂ ಹಿಡೀತಿರಲಿಲ್ರಿ. ನೀವು ಬಾಗಿಲಿನ್ಯಾಗ ನಿಂತು ಹಿಡೀತೇನ್ರಿ ಅಂತ ಕೇಳೋವಾಗ ನಿಮ್ಮ ಮುಖ ಹೆಂಗಿರ್ತದ ಗೊತ್ತದೇನು? ಇಲ್ಲ ಅಂದ್ರ ಸಪ್ಪಗಾಗ್ತದ. ಹೂಂ ಅಂದ್ರ ಅರಳ್ತದ. ಹೂಂ ಅಂದೆ. ಚುಕ್ಕಿ ಬಿತ್ತು. ಆಮ್ಯಾಲ ಖರೇನ ಹಿಡೀಲಿಕತ್ತಾಗ ಅದಕ್ಕೂ ಚುಕ್ಕಿನ ಬಿತ್ತು. ಇದೂ ಛಲೋದ ಇರಬೇಕು ಅಂತ ತಿಳಕೊಂಡೆ.’

ಸುಳ್ಳಿಗೂ ಒಂದೇ ಚುಕ್ಕಿ, ಸಾವಿಗೂ ಒಂದೇ ಚುಕ್ಕಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸಿಗೇ ನನ್ನ ಮುಖ ನೋಡಿ ಉತ್ತರ ಕೊಡಬೇಕು ಅನಿಸಿದರೆ, ಉಳಿದವರ ಗತಿ? ಮರುದಿನ ಬೆಳಗಿನ ಬ್ಯಾಚನ್ನು ಕೂರಿಸಿ ಕೇಳಿದೆ. ‘ಖರೆ ಹೇಳ್ರಿ, ಹಿಡೀಲಾರದ ಹಿಡದೈತಿ ಅಂದೀರೇನು?’ ಮೊದಲು ಒಬ್ಬಳು ನಕ್ಕಳು, ಆಮೇಲೆ ಅರ್ಧಕ್ಕರ್ಧ ಜನ ಸೆರಗು ಬಾಯಿಗೆ ಹಚ್ಚಿ ನಕ್ಕರು. ‘ಇಲ್ಲಂದ್ರ ಡಬಲ್ ಹೊಡೆಸ್ತಿದ್ರಿ, ಮೇಡಂ!’ ನನಗೆ ನಗು ಬರಲಿಲ್ಲ. ವರ್ಷಗಟ್ಟಲೆ ಬರೆದ ಅಷ್ಟೂ ನೋಟ್‌ಬುಕ್ಕಿನ ಕೊನೆಯ ಕಾಲಂ ನನ್ನ ಮುಖದ ವರದಿ, ಅವರ ಮೈಯದ್ದಲ್ಲ.

ಉಸ್ತಾದರಿಗೆ ಎಲ್ಲ ಹೇಳಿದೆ. ಅವರು ಗೋಡೆಯ ಕಡೆ ತಿರುಗಿದರು. ‘ನಮ್ಮ ಉಸ್ತಾದ್ ಇಪ್ಪತ್ತು ವರ್ಷದ ಪೈಲ್ವಾನ್ ಹುಡುಗರಿಗೆ ಹೇಳಿದ ಮಾತು ಅದು’ ಎಂದರು. ‘ನಾನು ಅದನ್ನ ತಂದು ಎಲ್ಲರ ತಲಿ ಮ್ಯಾಲೆ ಬರೆಸಿದೆ.’ ಮಧ್ಯಾಹ್ನ ತಾವೇ ಸುಣ್ಣದ ಬಕೆಟ್ಟು ತಂದು, ಸ್ಟೂಲು ಹತ್ತಿ ಬಳಿದರು. ಮೂರು ಕೋಟು ಬಳಿದರೂ ಕೆಂಪು ಅಕ್ಷರ ನಸುಗೆಂಪಾಗಿ ಕಾಣುತ್ತಲೇ ಇತ್ತು. ಹೊಸ ಹುಡುಗಿಯರು ಅಲ್ಲಿ ಹೋದರೆ ನೋಡಲಿ, ಈಗಲೂ ಕಾಣುತ್ತದೆ.

ಕೆಂಪು ಪೆನ್ನು ಬಿಟ್ಟೆ. ಹಾಳೆಯನ್ನು ಹೊಸದಾಗಿ ಬರೆದೆ. ಶಾಂತಾಳನ್ನು ಕರೆದುಕೊಂಡು, ಕಂಪ್ಲಿ ಸಂತೆಯಲ್ಲಿ, ಕಮಲಾಪುರದ ಬಸ್ ಸ್ಟಾಂಡಿನಲ್ಲಿ ಹೆಂಗಸರನ್ನು ಕೇಳಿ ಕೇಳಿ ಬರೆದೆ. ಎದಿ ಹಿಡೀತೈತೇನು, ಬಿಗೀತೈತೇನು, ಭಾರ ಇಟ್ಟಂಗ ಆಗ್ತೈತೇನು, ಉರೀತೈತೇನು, ದಮ್ಮು ಹತ್ತತೈತೇನು? ಏನು ಮಾಡೋವಾಗ? ಕುಂತ್ರ ಹೋಗ್ತೈತೇನು? ಎಲ್ಲಿ, ಕೈಯಿಟ್ಟು ತೋರಸ್ರಿ. ಸ್ನಾಯು ಹಿಡಿದವರು ಸಾಮಾನ್ಯವಾಗಿ ಬೆರಳಿಟ್ಟು ಇಲ್ಲೇ ಎಂದು ಒತ್ತಿ ತೋರಿಸುತ್ತಾರೆ. ಆ ಬುಧವಾರ ವಿಮಲಾಬಾಯಿಯವರು ಇಡೀ ಅಂಗೈ ಇಟ್ಟಿದ್ದರು. ಬೆರಳಿಟ್ಟು ತೋರಿಸಿದರೂ ಪೂರ್ತಿ ನಂಬಬೇಡಿ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅನುಮಾನ ಬಂದರೆ ವ್ಯಾಯಾಮ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸುವುದು, ಅದರಲ್ಲಿ ಚೌಕಾಸಿ ಇಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದು. ಕೇಳುವಾಗ ಮುಖ ಗೋಡೆಯ ಹಾಗೆ ಇಟ್ಟುಕೊಳ್ಳಬೇಕು. ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ನನ್ನ ಗಂಡ ಹೆದರಿದರು.

ಮೂರು ತಿಂಗಳು ಕಳೆದ ಮೇಲೆ ವಿಮಲಾಬಾಯಿಯವರೇ ಡಾಕ್ಟರ ಚೀಟಿ ತಂದರು. ನಡೆಸಿ, ಓಡಿಸಿ ಪರೀಕ್ಷೆ ಮಾಡಿದ್ದರು. ನಿಧಾನವಾಗಿ ಶುರು ಮಾಡಬಹುದು, ಇಷ್ಟೇ ಮಾಡಬೇಕು, ಎದೆಯಲ್ಲಿ ಏನೇ ಅನಿಸಿದರೂ ತಕ್ಷಣ ನಿಲ್ಲಿಸಬೇಕು ಎಂದು ಬರೆದಿತ್ತು.

‘ಬ್ಯಾಡ್ರಿ ಟೀಚರ್, ನನ್ನ ಕಡೆ ಬ್ಯಾಡ’ ಎಂದೆ. ನಿಜವಾಗಿ ಹೆದರಿದ್ದೆ.

‘ಬ್ಯಾರೆಯವರು ನನ್ನ ಸುಳ್ಳು ಕಂಡುಹಿಡೀಲಿಕ್ಕೆ ಮತ್ತೊಂದು ಸ್ಟೆಂಟ್ ಬೇಕಾಗ್ತದ. ನಿಮಗ ಆಗಲೇ ಗೊತ್ತದ’ ಎಂದರು. ಚೀಟಿ ಈಸಿಕೊಂಡೆ.

ಒಂದು ವರ್ಷ ತೆಗೆದುಕೊಂಡೆವು. ಕುರ್ಚಿಯಿಂದ ಏಳುವುದು, ಓಣಿಯ ಉದ್ದ ನಡೆಯುವುದು, ಎರಡು ನಮಸ್ಕಾರ, ಕೂತು ದಣಿವಾರಿಸಿಕೊಳ್ಳುವುದು. ಇನ್ನಷ್ಟು ಪರೀಕ್ಷೆಗಳಾದವು. ನಡುನಡುವೆ ಕೂತು, ನಿಧಾನಕ್ಕೆ ಹಾಕುವುದಾದರೆ ಪ್ರಯತ್ನಿಸಿ ಎಂದು ಡಾಕ್ಟರರು ಒಪ್ಪಿದ ಮೇಲೆ ಮಠಕ್ಕೆ ಹೋದೆವು. ಒಂದು ಗುರುವಾರದ ಬೆಳಿಗ್ಗೆ. ಸುಧಾ ಬಂದಿದ್ದಳು, ಮಗು ನನ್ನ ಸೊಂಟದ ಮೇಲಿತ್ತು. ನಾಲಿಗೆಯ ಕೆಳಗಿಡುವ ಮಾತ್ರೆ ನನ್ನ ಸೆರಗಿನ ತುದಿಯಲ್ಲಿ. ಆಟೋದವನನ್ನು ಬಾಗಿಲಲ್ಲೇ ನಿಲ್ಲಿಸಿದ್ದೆ.

ಹೆಜ್ಜೆ, ಮಂಡಿ, ಹಣೆ. ಹತ್ತಕ್ಕೊಮ್ಮೆ ಕೂರಿಸಿದೆ. ನಲವತ್ತು, ಐವತ್ತು, ಅರವತ್ತು. ಅರವತ್ತನಾಲ್ಕಾದ ಮೇಲೆ ಎದ್ದವರು ಮುಂದಿನ ಹೆಜ್ಜೆ ಇಡಲಿಲ್ಲ.

‘ಮೇಡಂ, ಹಿಡೀತು’ ಎಂದರು.

ಮುಖವನ್ನು ಗೋಡೆಯಂತೆ ಇಟ್ಟುಕೊಂಡೆ. ಆದರೆ ಅವರು ನನ್ನ ಮುಖ ನೋಡುತ್ತಲೇ ಇರಲಿಲ್ಲ.

‘ಎಲ್ಲಿ?’

ಅಂಗೈ ಎದೆಯ ಮೇಲಿಟ್ಟರು. ‘ದವಡಿ ಇಲ್ಲ. ಇಷ್ಟ.’

ಕೂರಿಸಿದೆ, ಮಾತ್ರೆ ಇಟ್ಟೆ. ನೂರೆಂಟಕ್ಕೆ ಇನ್ನೂ ನಲವತ್ತನಾಲ್ಕು ಬಾಕಿ. ಅರ್ಧಕ್ಕೆ ನಿಂತ ಹರಕೆ ಅಂದರೆ ಏನು ಎಂದು ಅಲ್ಲಿದ್ದ ನಮ್ಮ ಮೂವರಿಗೂ ಗೊತ್ತಿತ್ತು. ಯಾರೂ ಅವರಿಗೆ ಇನ್ನೊಂದೆರಡು ಎನ್ನಲಿಲ್ಲ. ಸುಧಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಮ್ಮ ನಿಂತ ಕಲ್ಲಿನ ಮೇಲೇ ಬಂದು ನಿಂತಳು.

‘ಅಮ್ಮಾ, ಹರಕಿ ನನ್ನ ಸಲುವಾಗಿ ಅಲ್ಲೇನು? ಉಳಿದದ್ದು ನಂದು. ನೀ ಡಾಕ್ಟರ ಕಡೆ ನಡಿ.’

ಆಟೋದಲ್ಲಿ ಹೋಗುವಾಗಲೇ ಬಿಗಿ ಇಳಿದಿತ್ತು. ಡಾಕ್ಟರಮ್ಮ ಪಟ್ಟಿ ತೆಗೆದು, ಪರೀಕ್ಷೆ ಮಾಡಿ, ಹಾನಿಯಾಗಿಲ್ಲ, ಸಮಯಕ್ಕೆ ನಿಲ್ಲಿಸಿದ್ದೀರಿ ಎಂದು ಔಷಧಿ ಬದಲಿಸಿ ಬರೆದರು. ಸಂಜೆಯವರೆಗೆ ಅಲ್ಲೇ ಮಲಗಿಸಿಕೊಂಡರು. ನಾನು ಮಂಚದ ಪಕ್ಕದಲ್ಲಿ ಕೂತು ನೋಟ್‌ಬುಕ್ ತೆಗೆದೆ. ‘ಅರವತ್ತನಾಲ್ಕು. ಎದೆ ಹಿಡಿಯಿತು. ನಿಲ್ಲಿಸಿದೆವು’ ಎಂದು ಬರೆದು ಮುಚ್ಚಲು ಹೋದೆ.

ವಿಮಲಾಬಾಯಿಯವರು ಮಲಗಿದಲ್ಲಿಂದಲೇ ಕೈ ಚಾಚಿ ನೋಟ್‌ಬುಕ್ ಹಿಡಿದರು.

‘ಎಷ್ಟು ದಿನ ಆತ್ರಿ ನೀವು ಕೆಂಪು ಪೆನ್ನು ಬಿಟ್ಟು? ಇದಕ್ಕ ಹಾಕ್ರಿ ಮೇಡಂ, ಚುಕ್ಕಿ.’